ಸಮುದ್ರಕ್ಕೂ ಒಬ್ಬ ನೀರಗಂಟಿ ಬೇಕು

ನಮ್ಮೂರ ಕೆರೆಗೆ ಒಬ್ಬ ನೀರಗಂಟಿ ಇದ್ದ. ತೆಲುಗಿನವರೂ ನೀರುಗಂಟಿ ಅಂತಲೇ ಕರೆಯುತ್ತಿದ್ದರು. ಆ ಒಂದು ಪದಕ್ಕೆ ನಮ್ಮಲ್ಲಿ ಭಾಷೆಯ ಜಗಳ ಇರಲಿಲ್ಲ. ಗದ್ದೆಗೆ ನೀರು ಬಿಡಬೇಕಾದರೆ ಆತ ಸೊಂಟಕ್ಕೊಂದು ಹಗ್ಗ ಬಿಗಿದು ತೂಬಿನ ಕಲ್ಲುಗಂಬದ ಪಕ್ಕ ಮುಳುಗು ಹಾಕುತ್ತಿದ್ದ. ನಾವು ಹುಡುಗರು ಏರಿ ಮೇಲೆ ನಿಂತು ಒಂದು, ಎರಡು ಅಂತ ಎಣಿಸುತ್ತಿದ್ದೆವು. ನಲವತ್ತು ದಾಟಿದರೆ ನಮಗೇ ಉಸಿರು ಕಟ್ಟುತ್ತಿತ್ತು. ಮೇಲೆ ಬಂದವನು ಕಣ್ಣೊರೆಸಿಕೊಂಡು ಮೊದಲು ಹೇಳುತ್ತಿದ್ದದ್ದು ಒಳಗಿನ ಸುದ್ದಿ. "ಬಿರಡೆ ಸವೆದೈತೆ." "ಮುಳ್ಳುಕಂಟಿ ಸಿಕ್ಕೊಂಡೈತೆ." "ಹೂಳು ಮೊಣಕಾಲುದ್ದ ಬಂದೈತೆ." ಏರಿ ಮೇಲೆ ಛತ್ರಿ ಹಿಡಿದು ನಿಂತ ಗೌಡರಿಗಾಗಲಿ ಕರಣಂಗಾಗಲಿ ಕಾಣದ್ದು ಆತನಿಗೆ ಕಾಣುತ್ತಿತ್ತು. ಸುಗ್ಗಿಯಲ್ಲಿ ಪ್ರತಿ ರೈತನೂ ಕಣದಲ್ಲೇ ಆತನಿಗೆ ಮೊರದ ತುಂಬ ಭತ್ತ ಕೊಡಬೇಕು. ಕೊಡದವನ ಮಡಿಗೆ ನೀರು ತಡವಾಗಿ ಬರುತ್ತಿತ್ತು, ಅದೂ ನಿಜ.

ಬೋರ್‌ವೆಲ್ ಬಂದವು, ಕೆರೆ ಯಾರಿಗೂ ಬೇಡವಾಯಿತು. ಆತ ತೀರಿಕೊಂಡ ಮೇಲೆ ಆ ಕೆಲಸಕ್ಕೆ ಇನ್ನೊಬ್ಬ ಬರಲಿಲ್ಲ. 2022ರ ಮಳೆಗೆ ಎಷ್ಟೋ ವರ್ಷದ ಮೇಲೆ ಕೆರೆ ತುಂಬಿತು. ಊರವರೆಲ್ಲ ಬಾಗಿನ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. ಮೂರನೇ ರಾತ್ರಿ ತೂಬಿನ ಪಕ್ಕದಲ್ಲೇ ಏರಿ ಕಿತ್ತುಕೊಂಡು ಹೋಯಿತು. ಕೆರೆ ಒಣಗಿದ್ದಾಗ ನೋಡಬಹುದಿತ್ತು, ನೋಡಲಿಲ್ಲ. ತುಂಬಿದ ಮೇಲೆ ಮುಳುಗಿ ನೋಡುವವರು ಇರಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಕಳೆದ ಜನವರಿಯಲ್ಲಿ ನಾನೂ ಒಂದು ಮುಳುಗು ಹಾಕಿ ಬಂದೆ. ಕೆರೆಯಲ್ಲಲ್ಲ. ಮುರ್ಡೇಶ್ವರದ ಆಚೆ ಅರಬ್ಬೀ ಸಮುದ್ರದಲ್ಲಿ, ನೇತ್ರಾಣಿ ಗುಡ್ಡದ ಬುಡದಲ್ಲಿ. ನೀವು ನಗಬಹುದು. ನನ್ನ ಹೆಂಡತಿಯೂ ನಕ್ಕಳು.

ಅಮರಾಪುರಂ, ಅಗಳಿ, ರೊಳ್ಳದ ಕಡೆಯ ನಾವು ಕಾಗದದ ಮೇಲೆ ಕರಾವಳಿ ರಾಜ್ಯದವರು. ಆಂಧ್ರಕ್ಕೆ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ಕಡಲ ತೀರ ಇದೆ. ಆದರೆ ನಮಗೆ ವಿಶಾಖಪಟ್ಟಣಕ್ಕಿಂತ ಮುರ್ಡೇಶ್ವರವೇ ಹತ್ತಿರ. ನಮ್ಮ ಹಳ್ಳದ ನೀರು ಮಾತ್ರ ಸುತ್ತಿ ಬಳಸಿ ಬಂಗಾಳ ಕೊಲ್ಲಿಗೇ ಹೋಗುತ್ತದೆ; ಅದಕ್ಕೆ ಬಸ್ ಚಾರ್ಜಿಲ್ಲ. ಬಯಲುಸೀಮೆಯ ನಮಗೆ ಕಡಲೆಂದರೆ ಯಾತ್ರೆಗೆ ಹೋದಾಗ ಪ್ಯಾಂಟು ಮಡಚಿ ಕಾಲು ತೊಳೆಯುವ ಜಾಗ. ಅದರ ಗುಣ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಬಂದು ಅದೇ ಮುರ್ಡೇಶ್ವರದ ಅಲೆಗೆ ಸಿಕ್ಕಿ ಹೋದರು. ಆ ದಡದಲ್ಲಿ ದೋಣಿ ಹತ್ತುವಾಗ ನನಗೆ ಅದೇ ನೆನಪು.

ಕರೆದುಕೊಂಡು ಹೋದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ. ಹತ್ತಿಪ್ಪತ್ತು ಜನ ಸೇರಿ ಡೈವಿಂಗ್ ಕ್ಲಬ್ಬು ಅಂತ ಮಾಡಿಕೊಂಡಿದ್ದಾರೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮುಂದಕ್ಕೆ, ಬಿಡುವಾದಾಗಲೆಲ್ಲ ರಾತ್ರಿ ಬಸ್ಸು ಹತ್ತುತ್ತಾರೆ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ತೆರೆಗೆ ಬಂದಿತಲ್ಲ, ಅದರಲ್ಲಿ ಅಪ್ಪು ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ನಮ್ಮ ಗಡಿಯ ಹುಡುಗರಿಗೂ ಆ ಹುಚ್ಚು. "ಮಾವ, ನೀವು ಕಡಲ ಮೇಲೆ ಪದ್ಯ ಬರೀತೀರ, ಒಳಗೆ ಏನೈತೆ ಅಂತ ಒಂದು ದಿನ ನೋಡ್ರಿ" ಅಂದ. ಆ ಮಾತು ಚುಚ್ಚಿತು.

ಸಹಿ ಹಾಕಿದ ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಎದೆನೋವು ಇದೆಯೇ, ಕಿವಿಯಲ್ಲಿ ತೊಂದರೆ ಇದೆಯೇ ಅಂತ ಅಳಿಯನೇ ಓದಿ ಹೇಳಿದ. ಜೀವದ ಪ್ರಶ್ನೆಯ ಕಾಗದವನ್ನು ಕರ್ನಾಟಕದ ದಡದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲು ಏನು ಕಷ್ಟವೋ ಕಾಣೆ. ದಡದಿಂದ ಗುಡ್ಡಕ್ಕೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಬೆನ್ನಿಗೆ ಕಟ್ಟುವ ಸಿಲಿಂಡರಿನ ಪಾಠ ಆಯಿತು. ಅದರಲ್ಲಿ ಇರುವುದು ಆಸ್ಪತ್ರೆಯ ಆಮ್ಲಜನಕ ಅಲ್ಲ; ನಾವು ಉಸಿರಾಡುವ ಗಾಳಿಯನ್ನೇ ಸೋಸಿ, ಇನ್ನೂರು ಪಟ್ಟು ಒತ್ತಿ ತುಂಬಿರುತ್ತಾರೆ. ಮೊದಲ ನಿಯಮ, ಉಸಿರು ಹಿಡಿಯಬಾರದು. ಉಸಿರು ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದಂತೆ. ನಮ್ಮ ನೀರಗಂಟಿಯ ವಿದ್ಯೆಗೆ ಪೂರಾ ಉಲ್ಟಾ.

ಕೆಳಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ, ಬರೀ ಕೈಸನ್ನೆ. ಎರಡು ಭಾಷೆಯಲ್ಲಿ ಬರೆಯುತ್ತೇನೆಂದು ಬೀಗುವ ನಾನು ಅಲ್ಲಿ ಎರಡರಲ್ಲೂ ಮೂಗ. ಮೊದಲ ಮೀನಿನ ಹಿಂಡು ಕಂಡಾಗ ಖುಷಿಗೆ ಹೆಬ್ಬೆರಳು ಎತ್ತಿದೆ. ಅಲ್ಲಿ ಹೆಬ್ಬೆರಳಿಗೆ "ಮೇಲಕ್ಕೆ ಹೋಗೋಣ" ಅಂತ ಅರ್ಥ. ಗುರುವಾಗಿದ್ದ ಹುಡುಗ ನನ್ನ ತೋಳು ಹಿಡಿದು ಸೀದಾ ಮೇಲಕ್ಕೆ ಎಳೆದುಕೊಂಡು ಬಂದುಬಿಟ್ಟ. ಕೈಮುಗಿದು ಮತ್ತೆ ಇಳಿಸಿಕೊಂಡು ಹೋಗು ಮಾರಾಯ ಅಂದೆ.

ಎರಡನೇ ಸಲ ಇಳಿದಾಗ ಕಂಡದ್ದೇ ಈ ಲೇಖನಕ್ಕೆ ಕಾರಣ. ಹವಳ ಅಂದರೆ ಉಂಗುರದ ಕೆಂಪು ಕಲ್ಲು ಅಂತ ತಿಳಿದಿದ್ದವನು ನಾನು. ಅದು ಪ್ರಾಣಿ. ಸಾಸಿವೆ ಕಾಳಿನಂಥ, ರಾಗಿ ಕಾಳಿನಂಥ ಜೀವಿಗಳು ಲಕ್ಷಗಟ್ಟಲೆ ಸೇರಿ ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲು ಕುಡಿದು ಅಡುಗೆ ಮಾಡುವುದು ಅದೇ, ಬಣ್ಣ ಕೊಡುವುದೂ ಅದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಹವಳವು ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ, ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಆ ಬಿಸಿಯನ್ನು ಇಳಿಸುವುದು ನನ್ನ ಅಳಿಯನ ಕೈಲಾಗುವ ಮಾತಲ್ಲ, ನಿಮ್ಮ ನನ್ನ ಒಬ್ಬೊಬ್ಬರ ಕೈಲೂ ಅಲ್ಲ.

ಆದರೆ ನಾನು ಕಂಡದ್ದು ಬಿಸಿಲಿನ ಪೆಟ್ಟಲ್ಲ. ಬಂಡೆಯ ಮಗ್ಗುಲಿಗೆ ಹಸಿರು ನೈಲಾನ್ ಬಲೆಯೊಂದು ಸೆರಗು ಸಿಕ್ಕಿಕೊಂಡ ಹಾಗೆ ಸಿಕ್ಕಿತ್ತು. ಅದರೊಳಗೆ ಏಡಿಯೊಂದರ ಚಿಪ್ಪು, ಅರ್ಧ ತಿಂದ ಮೀನು. ಒಡೆಯನಿಲ್ಲದ ಆ ಬಲೆ ಯಾರ ಹೊಟ್ಟೆಗೂ ಅಲ್ಲದೆ ಹಗಲೂ ರಾತ್ರಿ ಮೀನು ಹಿಡಿಯುತ್ತಲೇ ಇತ್ತು. ಅದರ ಪಕ್ಕಕ್ಕೇ ಬಂಡೆಯ ಮೇಲೆ ಉದ್ದಕ್ಕೆ ಕೆರೆದ ಬಿಳಿ ಗಾಯ. ನೇಗಿಲ ಸಾಲಿನ ಹಾಗೆ ನೇರಕ್ಕೆ ಇತ್ತು. ಏನು ಅಂತ ಮೇಲೆ ಬಂದು ಕೇಳಿದರೆ ಅಳಿಯ ತಲೆ ತಗ್ಗಿಸಿದ. "ಲಂಗರು ಮಾವ." ಯಾರದ್ದು? "ಮೀನಿನ ದೋಣಿಯದ್ದೂ ಇರಬಹುದು, ನಮ್ಮಂಥವರದ್ದೂ ಇರಬಹುದು." ಕೆಲವು ಬಗೆಯ ಉಂಡೆ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಗಟ್ಟಿ ಹವಳ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿದೆ. ಹುಲಿಯ ಬೆನ್ನಿಗೆ ಕಬ್ಬಿಣ ಎಸೆದರೆ ಜೈಲು. ಇಲ್ಲಿ ಎಸೆದರೆ ಕಂಡವರೇ ಇಲ್ಲ.

ಹುಡುಗರು ಆ ದಿನ ಬಲೆಯನ್ನು ಚಾಕುವಿನಿಂದ ಕತ್ತರಿಸಿ ಕತ್ತರಿಸಿ ತಂದರು. ಬಾಟಲಿ, ಚಾಕೊಲೇಟ್ ಕಾಗದ, ಒಂದು ಚಪ್ಪಲಿ. ಎಲ್ಲಾ ಸೇರಿ ಎರಡು ಗೋಣಿಚೀಲ. ಫೋಟೋ ತೆಗೆದರು. ನಾನೂ ನಿಂತೆ, ಸುಳ್ಳು ಯಾಕೆ ಹೇಳಲಿ. ಒಳ್ಳೆಯ ಕೆಲಸವೇ. ವಿಶಾಖಪಟ್ಟಣದ ಕಡೆಯೂ ಡೈವರುಗಳು ಹೀಗೆ ಕಡಲ ತಳದ ಪ್ಲಾಸ್ಟಿಕ್ ಎತ್ತುತ್ತಾರೆ. ಆದರೆ ಚೀಲದಲ್ಲಿ ತಂದ ಬಲೆ ದಡದ ಕಸದ ತೊಟ್ಟಿಗೆ ಹೋಯಿತು. ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ನಮೂನೆ ಬಲೆ, ಗಾಯ ಎಷ್ಟು ಉದ್ದ, ಹೋದ ವರ್ಷ ಇತ್ತೋ ಇಲ್ಲವೋ, ಯಾವುದನ್ನೂ ಎಲ್ಲೂ ಬರೆದಿಡಲಿಲ್ಲ. ಆತನಾದರೆ ಮೇಲೆ ಬಂದವನೇ ಬಿರಡೆ ಸವೆದೈತೆ ಅನ್ನುತ್ತಿದ್ದ.

ಸಂಜೆ ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಹಿರಿಯ ಮೀನುಗಾರರೊಬ್ಬರ ಹತ್ತಿರ ಕೂತೆ. ಬಲೆ ಕಡಲಿಗೆ ಎಸೆಯುವವರು ನೀವಂತೆ ಅಂತ ಕ್ಲಬ್ಬಿನ ಹುಡುಗರು ಆಡಿಕೊಂಡದ್ದನ್ನು ಮೆಲ್ಲಗೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. "ನೀವು ರೈತರು ಅಂದ್ರಿ. ನೇಗಿಲನ್ನು ಬೇಕೂಂತ ಬಾವಿಗೆ ಎಸೀತೀರಾ ಮಾರಾಯ್ರೆ? ಬಲೆ ಸಾಲ ಮಾಡಿ ತಂದದ್ದು. ಬಂಡೆಗೆ ಸಿಕ್ಕಿದ್ರೆ ಅರ್ಧ ಹರಿದು ಬರ್ತದೆ, ಅರ್ಧ ಅಲ್ಲೇ. ಎಲ್ಲಿ ಸಿಕ್ಕಿತು ಅಂತ ನಮಗೆ ಗೊತ್ತು. ಕೇಳಿದವರು ಯಾರು?" ಅಂದರು. ಆಮೇಲೆ ಗುಡ್ಡದ ಕತೆ ಹೇಳಿದರು: ಹರಕೆಗೆ ಬಿಟ್ಟ ಆಡು, ಬಿಳಿಹೊಟ್ಟೆಯ ಕಡಲ ಹದ್ದು, ನೌಕಾಪಡೆಯವರು ಅದೇ ಬಂಡೆಗೆ ಗುರಿಯಿಟ್ಟು ಗುಂಡು ಹೊಡೆದು ಅಭ್ಯಾಸ ಮಾಡಿದ್ದು. ಡೈವಿಂಗಿನ ಸೀಸನ್ನಿನಲ್ಲಿ ಬೆಂಗಳೂರಿನವರು ಗುಡ್ಡದ ಸುತ್ತ ದೋಣಿ ನಿಲ್ಲಿಸಿದರೆ ತಮ್ಮನ್ನು ದೂರ ಹೋಗಿ ಅನ್ನುತ್ತಾರೆ ಅನ್ನುವ ನೋವೂ ಅವರಿಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸರ್ಕಾರ ಹೇಳಿತು ಅಂತ ಯಾಂತ್ರಿಕ ದೋಣಿ ದಡಕ್ಕೆ ಎಳೆದು ಸುಮ್ಮನೆ ಕೂರುವವರು ಅವರು. ನಮ್ಮಲ್ಲಿ ಯಾವ ರೈತ ಹಾಗೆ ಎರಡು ತಿಂಗಳು ಬೋರು ನಿಲ್ಲಿಸಿದ್ದಾನೆ?

ಇಲ್ಲಿ ಗುಜರಾತಿನ ಒಂದು ಸಂಗತಿ ಹೇಳಬೇಕು. ತಿಮಿಂಗಿಲ ಶಾರ್ಕ್ ಅನ್ನುವುದು ಮೀನುಗಳಲ್ಲೇ ದೊಡ್ಡದು, ಸಾಧು. ಒಂದು ಕಾಲಕ್ಕೆ ಸೌರಾಷ್ಟ್ರದ ತೀರದಲ್ಲಿ ಅದನ್ನು ನೂರಾರು ಕೊಲ್ಲುತ್ತಿದ್ದರು. 2001ರಲ್ಲಿ ಕಾಯ್ದೆ ಬಂತು. ಆದರೆ ಕೆಲಸ ಮಾಡಿದ್ದು ಬರೀ ಕಾಯ್ದೆಯಲ್ಲ. 2004ರಲ್ಲಿ ಶುರುವಾದ ಪ್ರಚಾರದಲ್ಲಿ ಕಥೆ ಹೇಳುವ ಮೊರಾರಿ ಬಾಪು ಅವರು ಮೀನುಗಾರರ ಭಾಷೆಯಲ್ಲೇ ಮಾತಾಡಿ, ಇವಳು ಹೆರಿಗೆಗೆ ತವರಿಗೆ ಬಂದ ಮಗಳು ಅಂದರು. ಬಲೆ ಕತ್ತರಿಸಿ ಬಿಟ್ಟವರಿಗೆ ಅರಣ್ಯ ಇಲಾಖೆ ಬಲೆಯ ನಷ್ಟ ಕಟ್ಟಿಕೊಡುವ ಏರ್ಪಾಡೂ ಆಯಿತು. ಕೊಲ್ಲುತ್ತಿದ್ದ ಕೈಗಳೇ ನೂರಾರು ಮೀನು ಬಿಡಿಸಿ ಕಳಿಸಿದವು. ಮಾತೂ ಬೇಕು, ಮೊರದ ಭತ್ತವೂ ಬೇಕು.

ಆದ್ದರಿಂದ ನನ್ನ ಅಳಿಯನ ಕ್ಲಬ್ಬಿಗೂ, ದುಡ್ಡು ತೆಗೆದುಕೊಂಡು ಮುಳುಗಿಸುವವರಿಗೂ, ಸರ್ಕಾರಕ್ಕೂ ನಾನು ಹೇಳುವುದು ಇಷ್ಟು. ಗುಡ್ಡದ ಸುತ್ತ ದೋಣಿಗಳು ಲಂಗರು ಎಸೆಯುವುದನ್ನು ಮೊದಲು ನಿಲ್ಲಿಸಿ. ಮರಳಿನ ಜಾಗ ನೋಡಿ ಕಾಂಕ್ರೀಟ್ ದಿಮ್ಮಿ ಇಳಿಸಿ, ಅದಕ್ಕೊಂದು ತೇಲುಬುರುಡೆ ಕಟ್ಟಿದರೆ ಬಂದ ದೋಣಿ ಅದಕ್ಕೇ ಹಗ್ಗ ಹಾಕಿಕೊಳ್ಳಬಹುದು. ದೊಡ್ಡ ವಿದ್ಯೆಯೇನಲ್ಲ, ಸಂತೆಯಲ್ಲಿ ಎತ್ತು ಕಟ್ಟಲು ಗೂಟ ಹೊಡೆದ ಹಾಗೆ. ಅನುಮತಿ ಕೊಡಬೇಕಾದವರು ಅದನ್ನು ವರ್ಷಗಟ್ಟಲೆ ಮೇಜಿನ ಮೇಲೆ ಇಟ್ಟುಕೊಳ್ಳಬಾರದು. ಇನ್ನು, ಮುಳುಗುವ ಪ್ರತಿಯೊಬ್ಬನಿಂದ ಐದಾರು ಸಾವಿರ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲು ತೆಗೆದಿಟ್ಟು ಅಲ್ಲಿನ ಮೀನುಗಾರರ ಮಕ್ಕಳಿಗೇ ಡೈವಿಂಗ್ ಕಲಿಸಿ, ನೀರಗಂಟಿಯ ಕೆಲಸ ಕೊಡಿ. ಬಲೆ ಎಲ್ಲಿ ಸಿಕ್ಕಿದೆ ಅಂತ ಅಪ್ಪನಿಗೆ ಗೊತ್ತು, ಇಳಿದು ಬಿಡಿಸುವುದು ಮಗನಿಗೆ ಗೊತ್ತಾಗಲಿ. ಬಲೆ ಕಳೆದುಕೊಂಡೆ ಅಂದವನಿಗೆ ದಂಡವಿಲ್ಲ ಅಂತ ಮೊದಲೇ ಸಾರಬೇಕು, ಇಲ್ಲದಿದ್ದರೆ ಯಾರು ಬಾಯಿಬಿಡುತ್ತಾರೆ? ಮತ್ತು ಪ್ರತಿ ಮುಳುಗಿನ ಲೆಕ್ಕ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದು ಪಂಚಾಯ್ತಿಯಲ್ಲಿ ಇಡಬೇಕು, ಯಾರು ಬೇಕಾದರೂ ತೆರೆದು ನೋಡುವ ಹಾಗೆ.

ಪುಸ್ತಕ ಯಾಕೆ ಅಂತ ಕೇಳುವವರಿಗೆ ಎರಡು ಮಾತು. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಅನ್ನುವ ಹಡಗು ಉಕ್ಕಿನ ಸರಕಿನ ಸಮೇತ ಮುಳುಗಿತು. 2025ರ ಮೇ 25ರಂದು ಕೇರಳದ ಎದುರು ಎಂಎಸ್‌ಸಿ ಎಲ್ಸಾ-3 ಹಡಗು 640 ಕಂಟೇನರ್ ಹೊತ್ತುಕೊಂಡು ಮುಳುಗಿತು. ಪ್ಲಾಸ್ಟಿಕ್ ಕಾಳು ದಡಕ್ಕೆ ಬಂದು ಹರಡಿದವು. ಇಂಥದ್ದಾದಾಗ ನಷ್ಟ ಎಷ್ಟು ಅಂತ ಕೇಳುತ್ತಾರೆ. ಮೊದಲು ತಳದಲ್ಲಿ ಏನಿತ್ತು ಅನ್ನುವ ಲೆಕ್ಕವೇ ಇಲ್ಲದವನು ಕೋರ್ಟಿನಲ್ಲಿ ಏನು ಹೇಳಬೇಕು? ಬರ ಪರಿಹಾರಕ್ಕೆ ಹೋದಾಗ ಅಡಂಗಲ್ಲಿನಲ್ಲಿ ಬೆಳೆ ಬರೆಸದ ರೈತನ ಗತಿ ಏನಾಗುತ್ತದೆ ಅಂತ ನಮಗೆ ಗೊತ್ತು.

ಇನ್ನೊಂದು, ಕ್ಲಬ್ಬಿನ ಹುಡುಗರಿಗೆ ಸಿಟ್ಟು ಬಂದರೂ ಸರಿ. ಹೊನ್ನಾವರದ ಕಾಸರಕೋಡಿನಲ್ಲಿ (ನಮ್ಮ ಈ ಪುರವಣಿಯ ಕಾಸರಗೋಡು ಅಲ್ಲ, ಇದು ಬೇರೆ) 2020ರಲ್ಲಿ ಕಡಲತೀರಕ್ಕೆ ಸ್ವಚ್ಛತೆಯ ನೀಲಿ ಬಾವುಟ ಬಂತು. ಅದೇ ಊರಿನ ಟೊಂಕದಲ್ಲಿ, ಆಮೆ ಬಂದು ಮೊಟ್ಟೆಯಿಡುವ ಮರಳಿನ ಮೇಲೆ, ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಬಾಟಲಿ ಹೆಕ್ಕುವಾಗ ಫೋಟೋಗೆ ನಿಲ್ಲುವ ನಾವು, ಆ ಹೆಂಗಸರು ರಸ್ತೆಯಲ್ಲಿ ಕೂತಾಗ ಎಲ್ಲಿದ್ದೆವು? ಬಾಟಲಿಗೆ ವಕೀಲರಿಲ್ಲ, ಅದಕ್ಕೆ ನಮಗೆ ಅಷ್ಟು ಧೈರ್ಯ.

ಇದನ್ನೆಲ್ಲ ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಕ್ಲಬ್ಬಿನವರು ಸೇರಿ ಮಾತಾಡಿದರಂತೆ. ಬಂದರಿನ ವಿಷಯ ರಾಜಕೀಯ ಆಗುತ್ತೆ, ಬೇಡ ಅಂದರಂತೆ. ಲೆಕ್ಕದ ಪುಸ್ತಕಕ್ಕೆ ಒಪ್ಪಿದ್ದಾರೆ. ತೇಲುಬುರುಡೆಯ ಅನುಮತಿಗೆ ಅರ್ಜಿಯನ್ನು ಕನ್ನಡದಲ್ಲಿ ನಾನೇ ಬರೆದುಕೊಟ್ಟಿದ್ದೀನಿ, ದಡದ ಆ ಹಿರಿಯರೂ ರುಜು ಹಾಕಿದ್ದಾರೆ. ದಿಮ್ಮಿಗೆ ಎರಡು ಮೂಟೆ ಸಿಮೆಂಟು ನನ್ನ ಹೆಸರಲ್ಲಿ ಬರಕೋ ಅಂತ ಹೇಳಿದ್ದೀನಿ. ಅಕ್ಟೋಬರಿಗೆ ನೀರು ತಿಳಿಯಾಗುತ್ತದೆ.