ಹಳೇ ಗಾಡಿ ಕೊಳ್ಳುವಾಗ ಹಿಂದಿನ ಸೀಟು ಮೊದಲು ನೋಡಿ



ಹೋದ ಸಂಚಿಕೆಯಲ್ಲಿ ಶೇಂಗಾ ಹೋಳಿಗೆ ಹರಿಯದಂತೆ ಲಟ್ಟಿಸುವ ಬಗೆ ಬರೆದಿದ್ದೆ. ಈ ಸಲ ಹಳೇ ಕಾರು ಕೊಳ್ಳುವ ವಿಷಯ ಬರೆಯುತ್ತೇನೆಂದರೆ ನೀವು ನಗಬಹುದು. ನಮ್ಮ ಮನೆಯವರೂ ನಕ್ಕರು. "ಗಾಡಿ ವಿಷಯ ನಿನಗೇನ ತಿಳಿತೈತಿ? ಬಣ್ಣ ಒಂದು ಆರಿಸಿಬಿಡು ಸಾಕು" ಅಂದರು. ಆದರೆ ಆ ಗಾಡಿಯಲ್ಲಿ ಕೂಸುಗಳನ್ನು ಸಂಭಾಳಿಸುತ್ತ ಕೂರುವವರು ಯಾರು? ನಾವೇ ಅಲ್ಲವೇ? ಅಂದ ಮೇಲೆ ನೋಡಿ ಕೊಳ್ಳುವ ಹಕ್ಕೂ ನಮಗಿದೆ.

ನಮಗೆ ಈ ಯೋಚನೆ ಬಂದ ಕಾರಣ ಹೇಳಿಬಿಡುತ್ತೇನೆ. ನಮ್ಮೂರು ದೇವಣಗಾಂವ, ಭೀಮಾ ಹೊಳೆಯ ದಂಡೆ. ಹೊಳೆ ದಾಟಿದರೆ ಅಫಜಲಪುರ ಸೀಮೆ. ಹೋದ ವರ್ಷ ದೊಡ್ಡ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಹಿರಿಯ ಮಗನಿಗೆ ಎರಡೂವರೆ ವರ್ಷ. ಘತ್ತರಗಿ ಭಾಗ್ಯವಂತಿ ಗುಡಿಯಲ್ಲಿ ಅವನ ಜವಳ ತೆಗೆಸಬೇಕೆಂಬ ಹರಕೆ ಇತ್ತು. ಬಾಡಿಗೆ ಗಾಡಿಯೊಂದನ್ನು ಹೇಳಿ ಹನ್ನೊಂದು ಮಂದಿ ತುಂಬಿಕೊಂಡು ಹೊರಟೆವು. ನಾನು ಮುಂದೆ ಡ್ರೈವರ್ ಪಕ್ಕ, ತೊಡೆಯ ಮೇಲೆ ಮೊಮ್ಮಗ. ದಾರಿಗೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದ ಕೂಸು ಕೈ ಜಾರಿ ಮುಂದೆ ಹೋಗಿ ಬಡಿಯಿತು. ಹಣೆಗೆ ನಾಲ್ಕು ಹೊಲಿಗೆ ಬಿದ್ದವು.

ಮಗಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತೇನೋ. ಅತ್ತೆಯವರು "ಭಾಗ್ಯವಂತಿ ಕಾಯ್ದಳವ್ವಾ" ಅಂದರು. ಕಾಯ್ದಳು, ಖರೇ. ಆದರೆ ಆ ತಾಯಿ ಪ್ರತಿ ಸಲ ಕಾಯಲಿ ಅಂತ ನಾವು ಹಾಗೇ ಕೂರಬಹುದೇ?

ಆಮೇಲೆ ಓದಿ ತಿಳಿದುಕೊಂಡೆ. ತಾಸಿಗೆ 50 ಕಿಲೋಮೀಟರ್ ವೇಗದ ಗಾಡಿ ಏನಕ್ಕಾದರೂ ಡಿಕ್ಕಿ ಹೊಡೆದು ನಿಂತರೆ, ಹತ್ತು ಕಿಲೋ ತೂಕದ ಕೂಸು ಆ ಗಳಿಗೆಯಲ್ಲಿ ಸುಮಾರು ಮುನ್ನೂರು ಕಿಲೋ ಭಾರದಂತೆ ಮುಂದಕ್ಕೆ ಎಳೆಯುತ್ತದಂತೆ. ಮೂರು ಚೀಲ ಜೋಳದ ಭಾರ! ಅದನ್ನು ತಡೆಯುವ ಕೈ ಯಾವ ತಾಯಿಗಿದೆ? ಕೂಸಿಗೆ ತೊಡೆಯೇ ಭದ್ರ ಎಂದು ನಾವು ನಂಬಿಕೊಂಡು ಬಂದದ್ದು ತಪ್ಪು. ಕೂಸಿಗೆ ಅದರದೇ ಸೀಟು ಬೇಕು, ಹಿಡಿದಿಡುವ ಬೆಲ್ಟ್ ಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೂ ಇದೆ.

ಎಂಥ ಗಾಡಿ ಬೇಕು?

ಮನೆಯಲ್ಲಿ ಅತ್ತೆ, ನಾವಿಬ್ಬರು, ಮಗಳು ಅಳಿಯ, ಎರಡು ಕೂಸು, ಮೇಲೆ ಗಂಟುಮೂಟೆ. ಸಣ್ಣ ಕಾರು ಸಾಲದು. ಹಿಂದೆ ಸಾಮಾನಿಗೆ ಉದ್ದಕ್ಕೆ ಚಾಚಿದ ಎಸ್ಟೇಟ್ ಕಾರುಗಳೆಂದು ಬರುತ್ತಿದ್ದವು. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಇಂಡಿಗೋ ಮರೀನಾ. ಅವು ನಮ್ಮ ದೇಶದಲ್ಲಿ ಹೆಚ್ಚು ನಡೆಯಲಿಲ್ಲ. ಆ ಜಾಗವನ್ನು ಮೂರು ಸಾಲು ಸೀಟಿನ ಗಾಡಿಗಳು ಹಿಡಿದವು: 2005ರಿಂದ ಇನ್ನೋವಾ, 2012ರಿಂದ ಎರ್ಟಿಗಾ, 2019ರಿಂದ ಟ್ರೈಬರ್. ನಮ್ಮ ಕಡೆ ಹಳೇ ಸುಮೋ, ಓಮ್ನಿ ಕೂಡ ಅಗ್ಗಕ್ಕೆ ಸಿಗುತ್ತವೆ. ಎರಡರ ತಯಾರಿಕೆಯೂ 2019ರಲ್ಲಿ ನಿಂತಿದೆ. ಹಿಂದೆ ಎದುರುಬದುರು ಬೆಂಚಿನಂಥ ಸೀಟಿರುವ ಗಾಡಿ ಕೂಸುಗಳಿಗೆ ಬೇಡವೇ ಬೇಡ. ಹತ್ತು ಮಂದಿ ಹಿಡಿಸುತ್ತಾರೆ, ಹತ್ತರಲ್ಲಿ ಒಬ್ಬರಿಗೂ ಆಸರೆ ಇರುವುದಿಲ್ಲ.

ಇನ್ನೊಂದು ಲೆಕ್ಕ ಕೇಳಿ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಡ್ರೈವರ್ ಎದುರು ಏರ್‌ಬ್ಯಾಗ್ ಇರಲೇಬೇಕು. 2022ರಿಂದ ತಯಾರಾದವುಗಳಲ್ಲಿ ಪಕ್ಕದ ಸೀಟಿಗೂ ಇರಲೇಬೇಕು. ಅದಕ್ಕೆ ಗಾಡಿಯ ಮಾಡೆಲ್ ವರ್ಷ ಕೇಳುವಾಗ ಬರೀ ಹಳತು ಹೊಸತು ಎಂದು ನೋಡಬೇಡಿ. 2019ರ ಈಚೆಯದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಡಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನೂ ಕೇಳಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಎರ್ಟಿಗಾಕ್ಕೆ 2019ರಲ್ಲಿ ಐದಕ್ಕೆ ಮೂರು, ಟ್ರೈಬರ್‌ಗೆ 2021ರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ಬಂದಿದ್ದವು. ಪರೀಕ್ಷೆ ಬಿಗಿಯಾದ ಮೇಲೆ, 2024ರಲ್ಲಿ, ಎರ್ಟಿಗಾಕ್ಕೆ ದೊಡ್ಡವರ ರಕ್ಷಣೆಗೆ ಒಂದೇ ನಕ್ಷತ್ರ ಸಿಕ್ಕಿತು. ಆದ್ದರಿಂದ ನಕ್ಷತ್ರದ ಜೊತೆಗೆ ವರ್ಷವನ್ನೂ ಓದಿ.

ಹೊಳೆ ಮಣ್ಣಿನ ವಾಸನೆ

ನಮ್ಮ ಮನೆಯವರಿಗೆ ಸೊಲ್ಲಾಪುರದ ಕಡೆಯ ಒಬ್ಬ ಏಜೆಂಟರು ಗಾಡಿ ತೋರಿಸಿದರು. ಏಳು ಸೀಟು, ಬಿಳೀ ಬಣ್ಣ, ಕನ್ನಡಿಯಂಥ ಹೊಳಪು. ಐದು ಲಕ್ಷ ಇಪ್ಪತ್ತು ಸಾವಿರ ಹೇಳಿದರು. ಗಂಡಸರೆಲ್ಲ ಬಾನೆಟ್ ಎತ್ತಿ ಒಳಗೆ ಬಗ್ಗಿ ನಿಂತರು. ನಾನು ಹಿಂದಿನ ಬಾಗಿಲು ತೆಗೆದು ಒಳಗೆ ಕೂತೆ. ಗಮಗಮ ಅತ್ತರು ಹೊಡೆದಿದ್ದರು. ಆ ಅತ್ತರಿನ ಕೆಳಗೆ ಇನ್ನೊಂದು ವಾಸನೆ ಇತ್ತು.

2020ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದದ್ದು ನಿಮಗೂ ನೆನಪಿರಬಹುದು. ನಮ್ಮ ಹೊಲದ ಪಂಪ್‌ಸೆಟ್ ಮನೆಯಲ್ಲಿಟ್ಟಿದ್ದ ಕೌದಿಗಳು ನೀರಲ್ಲಿ ಮುಳುಗಿದ್ದವು. ಮೂರು ಸಲ ಒಗೆದು ಬಿಸಿಲಿಗೆ ಹಾಕಿದರೂ ಆ ವಾಸನೆ ಹೋಗಲಿಲ್ಲ. ಹೊಳೆ ದಂಡೆಯ ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಈ ಗಾಡಿ ನೀರಾಗ ನಿಂತಿತ್ತೇನ್ರೀ?" ಅಂತ ಕೇಳಿದೆ.

"ಏ ಇಲ್ರೀ ಅಕ್ಕಾರ, ಒಂದ್ ಸಲ ಮಳ್ಯಾಗ ಕಿಡಕಿ ತೆಗದಿಟ್ಟಿದ್ರು ಅಷ್ಟ" ಅಂದರು ಏಜೆಂಟರು.

ನಾನು ಮುಂದಿನ ಸೀಟಿನ ಬೆಲ್ಟನ್ನು ಮೆಲ್ಲಗೆ ಪೂರ್ತಿ ಹೊರಗೆಳೆದೆ. ಕೊನೆಯ ಗೇಣುದ್ದದಲ್ಲಿ ಕೆಂಪನೆಯ ಕೆಸರಿನ ಕಲೆ. ಸೀಟು ಹಿಂದೆ ಮುಂದೆ ಸರಿಯುವ ಪಟ್ಟಿಗೆ ತುಕ್ಕು. "ಕಿಡಕಿಯಿಂದ ಬಂದ ಮಳಿ ಬೆಲ್ಟಿನ ಬುಡದ ತನಕ ಹ್ಯಾಂಗ ಹೋತ್ರೀ ಅಣ್ಣಾರ?" ಅಂದೆ. ಅವರು ಸುಮ್ಮನಾದರು. ನಮ್ಮ ಮನೆಯವರು ಬಾನೆಟ್ ಮುಚ್ಚಿದರು.

ನೀರಲ್ಲಿ ನಿಂತ ಗಾಡಿಗೆ ಏನಾಗುತ್ತದೆ ಅಂತೀರಾ? ಇಂಜಿನ್ ತೊಳೆದು ಓಡಿಸಬಹುದು. ಆದರೆ ನೆಲಹಾಸಿನ ಕೆಳಗಿನ ವೈರುಗಳು ಒಳಗೊಳಗೇ ತುಕ್ಕು ಹಿಡಿಯುತ್ತವೆ. ಏರ್‌ಬ್ಯಾಗ್ ನಡೆಸುವ ಪೆಟ್ಟಿಗೆ ಸಾಮಾನ್ಯವಾಗಿ ಮುಂದಿನ ಸೀಟುಗಳ ನಡುವೆ, ನೆಲಕ್ಕೆ ಹತ್ತಿರವೇ ಇರುತ್ತದೆ. ಬೇಕಾದ ಗಳಿಗೆಯಲ್ಲಿ ಅದು ಕೆಲಸ ಮಾಡೀತೆಂದು ಯಾರೂ ಭರವಸೆ ಕೊಡಲಾರರು.

ನೀವು ನೋಡಬೇಕಾದದ್ದು

ಸಂತೆಯಲ್ಲಿ ಮಡಕೆ ಬಡಿದು ನೋಡುವವರು ನಾವು. ಅದೇ ಜಾಣತನ ಇಲ್ಲಿ ಸಾಕು.

1. ಬೆಳಗಿನ ಹೊತ್ತು, ಗಾಡಿ ಚಾಲೂ ಮಾಡುವ ಮೊದಲೇ ಹೋಗಿ. ಬಾನೆಟ್ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಬಿಸಿಯಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿದ್ದಾರೆಂದು ತಿಳಿಯಿರಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ.

2. ಪ್ರತಿ ಸೀಟಿನ ಬೆಲ್ಟನ್ನೂ ಎಳೆಯಿರಿ. ಗಕ್ಕನೆ ಎಳೆದರೆ ಹಿಡಿದು ನಿಲ್ಲಬೇಕು, ಬಿಟ್ಟರೆ ತಾನೇ ಒಳಗೆ ಹೋಗಬೇಕು. ಸೀಟಿನ ಕವರಿನ ಕೆಳಗೆ ಬೆಲ್ಟನ್ನು ಹೂತುಬಿಟ್ಟಿರುತ್ತಾರೆ, ಹೊರತೆಗೆಸಿ ನೋಡಿ.

3. ನಡುವಿನ ಸಾಲಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ನಡುವೆ ಬೆರಳು ತೂರಿಸಿ. ಕಬ್ಬಿಣದ ಎರಡು ಕೊಂಡಿ ಸಿಕ್ಕರೆ ಅದು ಐಸೋಫಿಕ್ಸ್. ಮಕ್ಕಳ ಸೀಟನ್ನು ಅದಕ್ಕೇ ಸಿಕ್ಕಿಸುವುದು.

4. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ, ಕೆಲ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತು ದೋಷ ಮುಚ್ಚಿರಲೂಬಹುದು.

5. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿ, ನೀವೇ ಒಳಗೆ ಕೂತು ಬಾಗಿಲು ತೆಗೆಯಲು ನೋಡಿ. ತೆರೆಯಬಾರದು.

6. ಟಾಯರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲೆ ಕಪ್ಪು ಬಳಿದು ಹೊಸದೆಂದು ತೋರಿಸುತ್ತಾರೆ, ಅಂಕಿ ಸುಳ್ಳು ಹೇಳುವುದಿಲ್ಲ.

7. ಕೊನೆಯ ಸಾಲಿನಲ್ಲಿ ಕೂತು ನೋಡಿ. ತಲೆಗೂ ಹಿಂದಿನ ಬಾಗಿಲಿಗೂ ಎಷ್ಟು ಅಂತರವಿದೆ? ಆ ಸಾಲಿಗೂ ಏಸಿ ಗಾಳಿ ಬರುತ್ತದೆಯೇ? ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ನಿಲ್ಲಿಸಿದ ಗಾಡಿಯಲ್ಲಿ ಕೂಸನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಇಷ್ಟಾದ ಮೇಲೆ ನಿಮ್ಮ ನಂಬುಗೆಯ ಮೆಕ್ಯಾನಿಕರನ್ನು ಕರೆದೊಯ್ಯಿರಿ. ಮಾರುವವರ ಮೆಕ್ಯಾನಿಕ್ ಬೇಡ.

ಕಾಗದಪತ್ರ

ಎಂಪರಿವಾಹನ್ ಎಂಬ ಸರಕಾರದ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದರೆ ನೋಂದಣಿಯ ದಿನ, ವಿಮೆ, ಸಾಲವಿದೆಯೇ ಎಂಬುದು ಕಾಣುತ್ತದೆ. ಮನೆಯ ಹುಡುಗರಿಗೆ ಹೇಳಿ, ಎರಡು ನಿಮಿಷದ ಕೆಲಸ. ಸಾಲವಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಿಸಲು ಫಾರ್ಮ್ 29, 30. ನಮ್ಮ ವಿಜಯಪುರದ ಗಾಡಿ ನಂಬರ್ ಕೆಎ-28ರಿಂದ ಶುರುವಾಗುತ್ತದೆ. ಎಂಎಚ್ ನಂಬರಿನ ಗಾಡಿ ಅಗ್ಗವೆಂದು ತಂದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ಲೆಕ್ಕ ಕೂಡಿಸಿದ ಮೇಲೆ ಎಷ್ಟೋ ಸಲ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ.

ಗಾಡಿ ಮನೆಗೆ ಬಂತೆಂದು ಪೂಜೆ ಮಾಡಿ ಕಾಗದ ಮರೆಯಬೇಡಿ. ವಿಮೆಯನ್ನು 14 ದಿನದೊಳಗೆ, ಆರ್‌ಸಿಯನ್ನು 30 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಕೊನೆಗೆ ನಾವು ಕೊಂಡದ್ದು

ಆಲಮೇಲದ ಪರಿಚಯದವರೊಬ್ಬರ 2019ರ ಎರ್ಟಿಗಾ. ಆರು ಲಕ್ಷ ಎಂಬತ್ತು ಸಾವಿರ. ಬಂಪರಿನ ಮೇಲೆ ಗೀರು ಇತ್ತು, ಬಣ್ಣ ಸ್ವಲ್ಪ ಮಾಸಿತ್ತು. ಆದರೆ ಎರಡು ಏರ್‌ಬ್ಯಾಗ್, ನಡುವಿನ ಸಾಲಿನಲ್ಲಿ ಆ ಕಬ್ಬಿಣದ ಕೊಂಡಿಗಳು, ಸರ್ವಿಸ್ ಮಾಡಿಸಿದ ಚೀಟಿಗಳೆಲ್ಲ ಇದ್ದವು. ಮೊದಲಿನ ಗಾಡಿಗಿಂತ ಒಂದು ಲಕ್ಷ ಅರವತ್ತು ಸಾವಿರ ಹೆಚ್ಚು. ಕಬ್ಬಿನ ಬಿಲ್ ಸಾಲಲಿಲ್ಲ. ಬಿಲ್ವಾರ ಮಾಡಿಸಬೇಕೆಂದು ಮೂರು ವರ್ಷದಿಂದ ಕೂಡಿಟ್ಟ ದುಡ್ಡನ್ನು ನಾನೇ ತೆಗೆದುಕೊಟ್ಟೆ. "ಬ್ಯಾಸರ ಆತೇನು?" ಅಂತ ಮನೆಯವರು ಕೇಳಿದರು. ಸ್ವಲ್ಪ ಆಯಿತು, ಸುಳ್ಳೇಕೆ ಹೇಳಲಿ? ಆದರೆ ಮೊಮ್ಮಗನ ಹಣೆಯ ಮೇಲಿನ ಗೆರೆ ಕಂಡಾಗೆಲ್ಲ ಆ ಬೇಸರ ಉಳಿಯುವುದಿಲ್ಲ.

ಅದರ ಜೊತೆಗೆ ಎರಡು ಮಕ್ಕಳ ಸೀಟು ತಂದೆವು. ಹಸುಗೂಸಿನದು ಹಿಂದಕ್ಕೆ ಮುಖ ಮಾಡಿರಬೇಕು, ಕನಿಷ್ಠ ಹದಿನೈದು ತಿಂಗಳವರೆಗೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಇಡಬಾರದು, ಉಬ್ಬಿದ ಚೀಲವೇ ಕೂಸಿಗೆ ಕಂಟಕ. ಮಕ್ಕಳು ಸುಮಾರು ನಾಲ್ಕೂವರೆ ಅಡಿ ಎತ್ತರವಾಗುವವರೆಗೆ ಅವರ ಅಳತೆಯ ಸೀಟೇ ಬೇಕು.

ಮೊದಲ ದಿನ ಮೊಮ್ಮಗ ರಂಪ ಮಾಡಿದ. "ಆಯಿ ತೊಡಿ ಬೇಕು" ಅಂತ ಅತ್ತ. ಅತ್ತೆಯವರೂ "ಕೂಸನ್ನ ಕಟ್ಟಿಹಾಕತೀರೇನ?" ಅಂದರು. ನನ್ನ ಮನಸ್ಸೂ ಕರಗಿತು, ಆದರೆ ಬಿಚ್ಚಲಿಲ್ಲ. ನಾಲ್ಕನೆಯ ಸಲಕ್ಕೆ ರೂಢಿಯಾಯಿತು. ಹೋದ ಹುಣ್ಣಿಮೆಗೆ ಘತ್ತರಗಿಗೆ ಹೊರಟಾಗ ನಾನು ಬುತ್ತಿಗಂಟು ಸರಿಮಾಡುತ್ತ ಕೂತಿದ್ದೆ. ಹಿಂದಿನಿಂದ ದನಿ ಬಂತು: "ಆಯಿ, ನಿನ್ನ ಬೆಲ್ಟ ಎಲ್ಲಿ?"

ಹಾಕಿಕೊಂಡೆ ನೋಡಿ, ಮರುಮಾತಾಡದೆ.

ಮುಂದಿನ ಸಂಚಿಕೆಯಲ್ಲಿ ಆ ಬುತ್ತಿಗಂಟಿನಲ್ಲಿ ಏನಿತ್ತೆಂದು ಬರೆಯುತ್ತೇನೆ. ಎರಡು ದಿನ ಕೆಡದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ದಾರಿಯಲ್ಲಿ ಹೊಟ್ಟೆ ತೊಳಸುವ ಮಕ್ಕಳಿಗೆ ಏನು ಕೊಡಬೇಕು ಎಂಬುದೆಲ್ಲ. ಬರಲೇ?