ಹೇಳಿದ್ದೊಂದು, ಹೆಡ್‌ಲೈನ್ ಇನ್ನೊಂದು

ರಾಜಕಾರಣಿಗಳು ಮಾತಾಡಿ ಸಿಕ್ಕಿಹಾಕಿಕೊಂಡಾಗಲೆಲ್ಲ ಹೇಳೋದು ಒಂದೇ: "ನನ್ನ ಹೇಳಿಕೆಯನ್ನು ತಿರುಚಲಾಗಿದೆ." ಕೇಳಿ ಕೇಳಿ ಸಾಕಾಗಿ ನಾವೂ ನಕ್ಕು ಮುಂದಕ್ಕೆ ಸ್ಕ್ರೋಲ್ ಮಾಡ್ತೀವಿ. ಆದರೆ ಕೆಲವು ಸಲ ನಿಜವಾಗಿಯೂ ತಿರುಚಿರುತ್ತಾರಲ್ಲ, ಆಗ?

2003ರ ಒಂದು ಪ್ರಸಂಗ ನೋಡಿ. ಇರಾಕ್ ಮೇಲೆ ಅಮೆರಿಕ ದಾಳಿ ಮಾಡಿ ಎರಡೂವರೆ ತಿಂಗಳಾಗಿತ್ತು. ಸಿಂಗಪುರದ ಭದ್ರತಾ ಸಮ್ಮೇಳನದಲ್ಲಿ ಅಮೆರಿಕದ ರಕ್ಷಣಾ ಉಪಮಂತ್ರಿ ಪಾಲ್ ವುಲ್ಫೋವಿಟ್ಜ್‌ ಅವರಿಗೆ ಒಂದು ಪ್ರಶ್ನೆ ಬಂತು: ಉತ್ತರ ಕೊರಿಯಾಕ್ಕೆ ಒಂದು ನ್ಯಾಯ, ಇರಾಕ್‌ಗೆ ಇನ್ನೊಂದು ಯಾಕೆ? ಅವರ ಉತ್ತರದ ಸಾರ ಇಷ್ಟು: ಇರಾಕ್ ತೈಲದ ಸಮುದ್ರದ ಮೇಲೆ ತೇಲುತ್ತಿರುವ ದೇಶ, ಹಾಗಾಗಿ ಆರ್ಥಿಕ ಒತ್ತಡ ಹಾಕಿ ಅದನ್ನು ಬಗ್ಗಿಸೋಕೆ ದಾರಿ ಇರಲಿಲ್ಲ. ಉತ್ತರ ಕೊರಿಯಾ ಆರ್ಥಿಕವಾಗಿ ಕುಸಿಯುವ ಹಂತದಲ್ಲಿದೆ, ಅಲ್ಲಿ ಆ ದಾರಿ ಇದೆ.

ಇಂಗ್ಲಿಷಿನಲ್ಲಿ ಆಡಿದ ಈ ಮಾತು ಜರ್ಮನ್ ಪತ್ರಿಕೆಗಳಿಗೆ ಹೋಯಿತು. ಅಲ್ಲಿಂದ ಮತ್ತೆ ಇಂಗ್ಲಿಷಿಗೆ ತಿರುಗಿ, ಜೂನ್ 4ರಂದು ಬ್ರಿಟನ್ನಿನ 'ಗಾರ್ಡಿಯನ್' ವೆಬ್‌ಸೈಟ್ ಸೇರುವಷ್ಟರಲ್ಲಿ ಅರ್ಥವೇ ಬೇರೆಯಾಗಿತ್ತು: ಇರಾಕ್ ಯುದ್ಧ ನಡೆದದ್ದೇ ತೈಲಕ್ಕಾಗಿ ಅಂತ ಅವರು ಒಪ್ಪಿಕೊಂಡರಂತೆ! ತೈಲದ ಬಗ್ಗೆ ಅನುಮಾನ ಯಾರಿಗೆ ಬೇಕಾದರೂ ಇರಲಿ, ಆ ಮಾತನ್ನಂತೂ ಅವರು ಹೇಳಿರಲಿಲ್ಲ.

'ಗಾರ್ಡಿಯನ್' ಆ ವಾರದಲ್ಲೇ ವರದಿಯನ್ನು ತೆಗೆದುಹಾಕಿತು. ಸುಮ್ಮನೆ ಅಳಿಸಲಿಲ್ಲ, ಏನು ತಪ್ಪಾಯಿತು ಅಂತ ತಿದ್ದುಪಡಿಯನ್ನೂ ಪ್ರಕಟಿಸಿತು. ಓದುಗರ ದೂರು ಕೇಳಲೆಂದೇ 1997ರಲ್ಲಿ ಅದು 'ರೀಡರ್ಸ್ ಎಡಿಟರ್' ಹುದ್ದೆ ತೆರೆದಿತ್ತು. ನಮ್ಮಲ್ಲಿ 'ದಿ ಹಿಂದೂ' ಆ ಕೆಲಸ ಮಾಡಿದ್ದು 2006ರಲ್ಲಿ. ತಪ್ಪನ್ನು ಬೇಗ ತಿದ್ದಿ, ಎದ್ದು ಕಾಣುವ ಹಾಗೆ ತಿದ್ದಿ ಅಂತ ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿಯೂ ಹೇಳುತ್ತದೆ. ಆದರೆ ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕೋ ಹಾಗಿಲ್ಲ. ಟಿವಿ ಚಾನೆಲ್‌ಗಳಂತೂ ಅದರ ವ್ಯಾಪ್ತಿಗೇ ಬರೋದಿಲ್ಲ.

ತಿದ್ದುಪಡಿ ಬಂದರೂ ಅದು ತಪ್ಪಿನ ಹಿಂದೆ ಓಡಿ ಹಿಡಿಯೋದು ಕಷ್ಟ. ತಪ್ಪು ಹೆಡ್‌ಲೈನ್‌ನ ಸ್ಕ್ರೀನ್‌ಶಾಟ್ ಹತ್ತು ಗ್ರೂಪ್‌ಗಳಲ್ಲಿ ಓಡಾಡುತ್ತೆ. ತಿದ್ದುಪಡಿಯ ಸ್ಕ್ರೀನ್‌ಶಾಟ್ ನಿಮಗೆ ಯಾವತ್ತಾದರೂ ಬಂದಿದೆಯಾ?

ಇದರಿಂದ ನಷ್ಟ ಆ ರಾಜಕಾರಣಿಗೆ ಮಾತ್ರ ಅಂದುಕೊಳ್ಳಬೇಡಿ. ಹುಲಿ ಬಂತು ಹುಲಿ ಕತೆ ಗೊತ್ತಲ್ಲ? ತಿದ್ದದೇ ಬಿಟ್ಟ ಒಂದೊಂದು ತಪ್ಪು ಹೇಳಿಕೆಯೂ ನಾಳೆ ನಿಜವಾಗಿ ಕೆಟ್ಟ ಮಾತಾಡಿದವನಿಗೆ ನೆಪ ಆಗುತ್ತೆ. "ಆಗಲೂ ತಿರುಚಿದ್ರು, ಈಗಲೂ ತಿರುಚಿದ್ದಾರೆ" ಅಂದುಬಿಟ್ಟರೆ ಮುಗೀತು. ಅವನನ್ನು ಹಿಡಿದು ಕೇಳೋ ನಮ್ಮ ಹಕ್ಕೇ ಸಡಿಲ ಆಗುತ್ತೆ.

ಹಾಗಾಗಿ ನನ್ನದೊಂದು ಸಣ್ಣ ಕೋರಿಕೆ. ನಿಮಗೆ ಆಗದ ನಾಯಕನ ಮಾತು ಫೋನಿಗೆ ಬಂದು, ಫಾರ್ವರ್ಡ್ ಮಾಡೋಕೆ ಬೆರಳು ತುರಿಸಿದಾಗ ಪೂರ್ತಿ ವಿಡಿಯೊ ಹುಡುಕಿ. ಆ ಮಾತಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಕೇಳಿ. ಆಮೇಲೂ ಸಿಟ್ಟು ಬಂದರೆ ಧಾರಾಳವಾಗಿ ಬೈಯಿರಿ. ಹೇಳಿದ್ದಕ್ಕೇ ಬೈದ ಹಾಗಾಗುತ್ತೆ.