ಆವಿಷ್ಕಾರ ಯಾರದು?

ನೆಲದ ಮೇಲೆ ಚಾಪೆ ಹಾಸುತ್ತಾರೆ. ಗೋಡೆಗೆ ಸುಣ್ಣ ಬಳಿಯುತ್ತಾರೆ. ಹಾಸಿದ ಚಾಪೆ ನೆಲದ ಮೇಲಿರುತ್ತದೆಯೇ ಹೊರತು ಅದಕ್ಕೆ ಅಂಟಿಕೊಂಡಿರುವುದಿಲ್ಲ. ಬಳಿದ ಸುಣ್ಣ ಗೋಡೆಗೆ ಅಂಟಿಯೇ ಇರುತ್ತದೆ. ‘ಹಾಸುವುದು’ ಮತ್ತು ‘ಅಂಟಿಕೊಂಡಿರುವುದು’ ಎಂಬ ಮಾತುಗಳ ನಡುವಿನ ಅಂತರ ಇಷ್ಟೇ. ಈ ಅಂತರವನ್ನು ತೂಗಿ ನೋಡುವುದಕ್ಕೆ ಅಮೆರಿಕದ ಪೇಟೆಂಟ್ ಕಚೇರಿಯೂ ನ್ಯಾಯಾಲಯವೂ ವರ್ಷಗಟ್ಟಲೆ ಶ್ರಮಿಸಬೇಕಾಯಿತು. ಇಂದು ಪ್ರತಿಯೊಂದು ಮೊಬೈಲ್ ಫೋನಿನ ಒಳಗೂ ಇರುವ ಚಿಪ್ ಮೊದಲು ಯಾರಿಗೆ ಸೇರಿದ್ದೆಂಬ ವಿವಾದ ಕೊನೆಗೆ ಬಂದು ನಿಂತದ್ದು ಅಂತಹ ಎರಡು ಇಂಗ್ಲಿಷ್ ಮಾತುಗಳ ಮೇಲೆ.

1958ರ ಬೇಸಗೆಯಲ್ಲಿ ಜ್ಯಾಕ್ ಕಿಲ್ಬಿ ಅವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಗೆ ಹೊಸದಾಗಿ ಸೇರಿದ್ದರು. ಹೊಸಬರಾದುದರಿಂದ ಉಳಿದವರಿಗೆ ದೊರೆತ ಬೇಸಗೆ ರಜೆ ಅವರಿಗೆ ದೊರೆಯಲಿಲ್ಲ. ಬರಿದಾದ ಪ್ರಯೋಗಾಲಯದಲ್ಲಿ ಅವರು ಒಬ್ಬರೇ ಕುಳಿತು ಒಂದು ಸಮಸ್ಯೆಯನ್ನು ಚಿಂತಿಸಿದರು. ಆಗಿನ ಕಂಪ್ಯೂಟರುಗಳಲ್ಲಿ ಸಾವಿರಾರು ಬಿಡಿಭಾಗಗಳಿದ್ದವು. ಅವನ್ನೆಲ್ಲ ಒಂದೊಂದಾಗಿ ಕೈಯಿಂದ ಬೆಸುಗೆ ಹಾಕಿ ಜೋಡಿಸಬೇಕಿತ್ತು. ಒಂದು ಬೆಸುಗೆ ಕೆಟ್ಟರೂ ಯಂತ್ರ ನಿಲ್ಲುತ್ತಿತ್ತು. ಎಲ್ಲ ಭಾಗಗಳನ್ನೂ ಒಂದೇ ಅರೆವಾಹಕದ ತುಂಡಿನಲ್ಲಿ ನಿರ್ಮಿಸಬಾರದೇಕೆ ಎಂಬ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಜುಲೈ 24ರಂದು ಅವರು ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಸೆಪ್ಟೆಂಬರ್ 12ರಂದು ಜರ್ಮೇನಿಯಂನ ಒಂದು ಚೂರಿನ ಮೇಲೆ ಅದನ್ನು ನಡೆಸಿ ತೋರಿಸಿದರು. ಆದರೆ ಭಾಗಗಳ ನಡುವಿನ ಸಂಪರ್ಕಕ್ಕೆ ಅವರು ಬಳಸಿದ್ದು ಕೈಯಿಂದ ಜೋಡಿಸಿದ ಸಪೂರವಾದ ಚಿನ್ನದ ತಂತಿಗಳನ್ನು.

ಮರುವರ್ಷ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪೆನಿಯ ರಾಬರ್ಟ್ ನಾಯ್ಸ್ ಅವರು ಆ ತಂತಿಗಳೇ ಬೇಡವಾಗುವ ಉಪಾಯವನ್ನು ತಮ್ಮ ಪುಸ್ತಕದಲ್ಲಿ ಬರೆದರು. ಸಿಲಿಕಾನಿನ ಮೇಲ್ಮೈಯನ್ನು ಅದರದೇ ಆಕ್ಸೈಡಿನ ಪದರ ಮುಚ್ಚಿರುತ್ತದೆ. ಆ ಪದರದಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅದರ ಮೇಲೆ ಲೋಹದ ಸಪೂರ ಗೆರೆಗಳನ್ನು ಮೂಡಿಸಿದರೆ ಅವೇ ತಂತಿಗಳ ಕೆಲಸ ಮಾಡುತ್ತವೆ.

ಕಿಲ್ಬಿ ಅವರ ಅರ್ಜಿ 1959ರ ಫೆಬ್ರವರಿಯಲ್ಲಿ ಸಲ್ಲಿಕೆಯಾಯಿತು. ನಾಯ್ಸ್ ಅವರದು ಜುಲೈಯಲ್ಲಿ. ಕಿಲ್ಬಿ ಅವರ ಚಿತ್ರದಲ್ಲಿ ತಂತಿಗಳು ಗಾಳಿಯಲ್ಲಿ ಕಮಾನಿನಂತೆ ಕಾಣುತ್ತಿದ್ದವು. ಆದ್ದರಿಂದ ತಂತಿಗೆ ಬದಲಾಗಿ ಚಿನ್ನದಂತಹ ಲೋಹವನ್ನು ಆ ಪದರದ ಮೇಲೆ ‘ಹಾಸಲೂಬಹುದು’ ಎಂಬ ಅರ್ಥದ ಮಾತನ್ನು ಅರ್ಜಿಯಲ್ಲಿ ಸೇರಿಸಲಾಗಿತ್ತು. ನಾಯ್ಸ್ ಅವರ ಅರ್ಜಿ ಲೋಹವು ಪದರಕ್ಕೆ ‘ಅಂಟಿಕೊಂಡಿರುವುದು’ ಎಂದು ಹೇಳಿತ್ತು. ತಡವಾಗಿ ಅರ್ಜಿ ಹಾಕಿದ ನಾಯ್ಸ್ ಅವರಿಗೆ 1961ರಲ್ಲಿಯೇ ಪೇಟೆಂಟ್ ದೊರೆಯಿತು. ಕಿಲ್ಬಿ ಅವರಿಗೆ 1964ರಲ್ಲಿ. ಈ ನಡುವೆ ಆರಂಭವಾದ ವಿವಾದದಲ್ಲಿ 1967ರಲ್ಲಿ ಪೇಟೆಂಟ್ ಕಚೇರಿಯ ಮಂಡಳಿ ಕಿಲ್ಬಿ ಅವರ ಪರವಾಗಿ ನಿಂತಿತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಹಾಸುವುದೆಂದರೆ ಅಂಟಿಕೊಂಡಿರುವುದೆಂದೇ ಅರ್ಥವಾಗುತ್ತದೆ ಎಂಬುದನ್ನು ಕಿಲ್ಬಿ ಅವರ ಪಕ್ಷ ತೋರಿಸಿಕೊಟ್ಟಿಲ್ಲ ಎಂಬುದೇ ಅದರ ತೀರ್ಮಾನವಾಗಿತ್ತು.

ಅಷ್ಟರಲ್ಲಿ ಎರಡೂ ಕಂಪೆನಿಗಳು 1966ರಲ್ಲಿಯೇ ಒಪ್ಪಂದಕ್ಕೆ ಬಂದು ಹಕ್ಕನ್ನು ಪರಸ್ಪರ ಹಂಚಿಕೊಂಡಿದ್ದವು. 2000ದಲ್ಲಿ ಕಿಲ್ಬಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಾಗ ನಾಯ್ಸ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಚರಿತ್ರೆ ಇಬ್ಬರನ್ನೂ ಚಿಪ್ಪಿನ ಜನಕರೆಂದು ಗೌರವಿಸುತ್ತದೆ. ಆದರೆ ಕಾನೂನು ಗೌರವಿಸುವುದು ಬರೆದ ವಾಕ್ಯವನ್ನು. ತಲೆಯೊಳಗೆ ಏನಿತ್ತು ಎಂಬುದಕ್ಕಿಂತ ಕಾಗದದ ಮೇಲೆ ಏನಿದೆ ಎಂಬುದು ಅಲ್ಲಿ ಮುಖ್ಯ.

ವಾಕ್ಯ ಸರಿಯಾಗಿದ್ದರೂ ಕಾಲ ಕೂಡಿಬರದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರವಾಣಿಯ ಚರಿತ್ರೆಯಲ್ಲಿ ನಿದರ್ಶನವಿದೆ. ಇಂಗ್ಲೆಂಡಿನ ಅಲೆಕ್ ರೀವ್ಸ್ ಅವರು 1937ರಲ್ಲಿ ಪ್ಯಾರಿಸ್ಸಿನ ಒಂದು ದೂರವಾಣಿ ಪ್ರಯೋಗಾಲಯದಲ್ಲಿದ್ದರು. ಆಗ ದೂರದ ಕರೆಗಳಲ್ಲಿ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚಾಗುತ್ತಿತ್ತು. ತಂತಿಯಲ್ಲಿ ಸಾಗುತ್ತ ಕ್ಷೀಣಿಸುವ ಧ್ವನಿಯನ್ನು ದಾರಿಯಲ್ಲಿ ಅಲ್ಲಲ್ಲಿ ವರ್ಧಿಸಬೇಕು. ವರ್ಧಿಸಿದಾಗ ಜತೆಗಿರುವ ಸದ್ದೂ ವರ್ಧಿಸುತ್ತದೆ. ರೀವ್ಸ್ ಅವರ ಪರಿಹಾರ ಸರಳವಾಗಿತ್ತು. ಧ್ವನಿಯ ಅಲೆಯನ್ನೇ ಕಳುಹಿಸುವುದು ಬೇಡ. ಅದರ ಎತ್ತರವನ್ನು ಮತ್ತೆ ಮತ್ತೆ ಅಳೆದು ಆ ಅಳತೆಯ ಅಂಕೆಗಳನ್ನು ಕಳುಹಿಸಿದರೆ ಸಾಕು. ಅಂಕೆಗಳು ‘ಇದೆ’ ಅಥವಾ ‘ಇಲ್ಲ’ ಎಂಬ ಮಿಡಿತಗಳಾಗಿ ಹೋಗುತ್ತವೆ. ದಾರಿಯ ಯಂತ್ರ ಮಿಡಿತ ಇದೆಯೇ ಇಲ್ಲವೇ ಎಂದಷ್ಟೇ ನೋಡಿ ಹೊಸ ಮಿಡಿತವನ್ನು ಹೊರಡಿಸುತ್ತದೆ. ಸದ್ದು ಹಿಂದೆಯೇ ಉಳಿಯುತ್ತದೆ. ಇಂದಿನ ಸ್ಥಿರ ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಸೆಕೆಂಡಿಗೆ 64,000 ಬಿಟ್ ಎಂಬ ಲೆಕ್ಕ ಬಂದದ್ದು ಹೀಗೆ.

ರೀವ್ಸ್ ಅವರ ಆವಿಷ್ಕಾರಕ್ಕೆ 1938ರಲ್ಲಿ ಫ್ರಾನ್ಸಿನಲ್ಲಿಯೂ ಬಳಿಕ ಬ್ರಿಟನ್ನಿನಲ್ಲಿಯೂ ಪೇಟೆಂಟ್ ಅರ್ಜಿ ಸಲ್ಲಿಸಲಾಯಿತು. 1942ರಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ಆದರೆ ಆ ಕಾಲದ ವಾಲ್ವುಗಳಿಂದ ಅಂತಹ ಯಂತ್ರವನ್ನು ಕಟ್ಟುವುದು ಅತಿ ದುಬಾರಿಯಾಗಿತ್ತು. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೆಗೆ. ಎರಡು ಜೋಡಿ ತಂತಿಗಳಲ್ಲಿ 24 ಕರೆಗಳನ್ನು ಒಯ್ಯುವ ವ್ಯವಸ್ಥೆಯನ್ನು ಅಮೆರಿಕದ ಬೆಲ್ ಸಂಸ್ಥೆ ಬಳಕೆಗೆ ತಂದದ್ದು 1962ರಲ್ಲಿ. ಅಮೆರಿಕದಲ್ಲಿ ಆಗ ಪೇಟೆಂಟಿನ ಅವಧಿ 17 ವರ್ಷ. ಅದು 1959ರಲ್ಲಿಯೇ ಮುಗಿದುಹೋಗಿತ್ತು. ಜಗತ್ತು ತನ್ನ ಮಾತನ್ನೆಲ್ಲ ಅಂಕೆಗಳಲ್ಲಿ ಆಡತೊಡಗಿದಾಗ ಆ ಅಂಕೆಗಳ ಕಲ್ಪನೆ ಎಲ್ಲರ ಸೊತ್ತಾಗಿತ್ತು. 1969ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಈ ತಂತ್ರದ ಹೆಸರಿನಲ್ಲಿ ಒಂದು ಅಂಚೆಚೀಟಿಯನ್ನು ಹೊರತಂದಿತು.

ಹಾಗೆ ಬಯಲಿಗೆ ಬಂದ ಕಲ್ಪನೆಯ ಮೇಲೆ ಮುಂದಿನವರು ಕಟ್ಟಿದರು. ಕಾನ್ಪುರದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಕೆಲಕಾಲ ಕಲಿಸಿ, 1961ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದ ಬಿಷ್ಣು ಅಟಲ್ ಅವರು ಅಂತಹವರಲ್ಲೊಬ್ಬರು. ಮನುಷ್ಯನ ಮಾತಿನಲ್ಲಿ ಹಿಂದಿನ ಕೆಲವು ಅಳತೆಗಳು ತಿಳಿದರೆ ಮುಂದಿನದನ್ನು ಬಹುಮಟ್ಟಿಗೆ ಊಹಿಸಬಹುದು. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನೇ ಮುಖ್ಯವಾಗಿ ಕಳುಹಿಸಿದರೆ ಹೊರೆ ತಗ್ಗುತ್ತದೆ. ಈ ತತ್ತ್ವವನ್ನು ಆಧರಿಸಿದ ವಿಧಾನದಿಂದಲೇ ಮೊದಲ ಜಿಎಸ್‌ಎಂ ಮೊಬೈಲ್ ಫೋನುಗಳು 64,000 ಬಿಟ್‌ಗಳ ಕೆಲಸವನ್ನು 13,000 ಬಿಟ್‌ಗಳಲ್ಲಿ ಮುಗಿಸಿದವು.

ಮೂರನೆಯ ಕತೆ ಡೇಟಾಬೇಸಿನದು. ಶಾಲೆಯಲ್ಲಿ ದಾಖಲಾತಿ ಪುಸ್ತಕ ಒಂದಿರುತ್ತದೆ, ಅಂಕಗಳ ಪುಸ್ತಕ ಇನ್ನೊಂದಿರುತ್ತದೆ. ದಾಖಲಾತಿ ಸಂಖ್ಯೆಯೊಂದು ಎರಡರಲ್ಲೂ ಇದ್ದರೆ ಯಾವ ಮಗುವಿನ ಅಂಕ ಯಾವುದೆಂದು ಜೋಡಿಸಿ ಹೇಳಬಹುದು. ಮಾಹಿತಿಯನ್ನೆಲ್ಲ ಹೀಗೆ ಕೋಷ್ಟಕಗಳಲ್ಲಿ ಇಟ್ಟು, ಏನು ಬೇಕೆಂದಷ್ಟೇ ಕೇಳಿದರೆ ಅದನ್ನು ಹುಡುಕುವ ದಾರಿಯನ್ನು ಯಂತ್ರವೇ ಕಂಡುಕೊಳ್ಳಬೇಕೆಂದು ಐಬಿಎಂ ಕಂಪೆನಿಯ ಗಣಿತಜ್ಞ ಎಡ್ಗರ್ ಕಾಡ್ ಅವರು 1970ರ ಜೂನಿನಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಮಾಹಿತಿ ಎಲ್ಲಿ ಅಡಗಿದೆ, ಅಲ್ಲಿಗೆ ಹೋಗುವ ಹಾದಿ ಯಾವುದು ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತಿಳಿದಿರಬೇಕಿತ್ತು. ಐಬಿಎಂ ಆಗಲೇ ಹಳೆಯ ಬಗೆಯ ಡೇಟಾಬೇಸನ್ನು ಮಾರುತ್ತಿತ್ತು. ಹೊಸದನ್ನು ಮಾರುಕಟ್ಟೆಗೆ ತರಲು ಅದು ಅವಸರ ಮಾಡಲಿಲ್ಲ. ಅಲ್ಲಿನ ಸಂಶೋಧಕರು ಪ್ರಯೋಗ ನಡೆಸಿ ಲೇಖನಗಳನ್ನು ಬಹಿರಂಗವಾಗಿ ಪ್ರಕಟಿಸಿದರು. ಅವನ್ನು ಓದಿದ ಲ್ಯಾರಿ ಎಲಿಸನ್ ಮತ್ತು ಅವರ ಸಂಗಡಿಗರು 1977ರಲ್ಲಿ ಸಣ್ಣ ಕಂಪೆನಿಯೊಂದನ್ನು ತೆರೆದು, 1979ರಲ್ಲಿಯೇ ಒರಾಕಲ್ ಎಂಬ ಡೇಟಾಬೇಸನ್ನು ಮಾರಾಟಕ್ಕಿಟ್ಟರು. ಕಾಡ್ ಅವರ ಕಲ್ಪನೆಯನ್ನು ಆಧರಿಸಿದ ಐಬಿಎಂನ ಎಸ್‌ಕ್ಯೂಎಲ್ ಡೇಟಾಬೇಸ್ ಪೇಟೆಗೆ ಬಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ಇಲ್ಲಿ ಕಳವಿನ ಮಾತಿಲ್ಲ. ಪ್ರಕಟವಾದ ಕಲ್ಪನೆಯನ್ನು ಯಾರೂ ಓದಬಹುದು. ಬೇಲಿ ಇಲ್ಲದಲ್ಲಿ ಯಾರೂ ನಡೆಯಬಹುದು.

ಡೇಟಾಬೇಸಿನಲ್ಲಿ ತುಂಬಿಟ್ಟ ಮಾಹಿತಿಗಾದರೂ ಒಡೆಯರಿದ್ದಾರೆಯೇ? ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ಉತ್ತರ ಕೊಟ್ಟದ್ದು ದೂರವಾಣಿ ಡೈರೆಕ್ಟರಿಯೊಂದರ ಪ್ರಕರಣದಲ್ಲಿ. ಕಾನ್ಸಾಸ್ ರಾಜ್ಯದ ಗ್ರಾಮಾಂತರ ದೂರವಾಣಿ ಕಂಪೆನಿ ತನ್ನ ಗ್ರಾಹಕರ ಪಟ್ಟಿಯನ್ನು ಅಚ್ಚು ಹಾಕಿಸಿತ್ತು. ನಕಲು ಮಾಡುವವರನ್ನು ಹಿಡಿಯಲೆಂದು ಅದರಲ್ಲಿ ಕೆಲವು ಸುಳ್ಳು ಹೆಸರುಗಳನ್ನೂ ಸೇರಿಸಿತ್ತು. ಫೈಸ್ಟ್ ಎಂಬ ಪ್ರಕಾಶನ ಸಂಸ್ಥೆಯ ಡೈರೆಕ್ಟರಿಯಲ್ಲಿ ಅಂತಹ ನಾಲ್ಕು ಹೆಸರುಗಳು ಸಿಕ್ಕಿಬಿದ್ದವು. ನಕಲು ಸಾಬೀತಾಯಿತು; ಆದರೂ ದೂರವಾಣಿ ಕಂಪೆನಿ ಸೋತಿತು. ಹೆಸರು, ಊರು, ಸಂಖ್ಯೆ – ಇವು ವಾಸ್ತವ ಸಂಗತಿಗಳು. ಅಕಾರಾದಿಯಾಗಿ ಜೋಡಿಸುವುದರಲ್ಲಿ ಸ್ವಂತ ಕಲ್ಪನೆಯೇನೂ ಇಲ್ಲ. ಬೆವರು ಸುರಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಹುಟ್ಟುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಭಾರತದ ಸುಪ್ರೀಂ ಕೋರ್ಟು ಕೂಡ 2007ರಲ್ಲಿ, ತೀರ್ಪುಗಳ ಸಂಕಲನಕ್ಕೆ ಸಂಬಂಧಿಸಿದ ಈಸ್ಟರ್ನ್ ಬುಕ್ ಕಂಪೆನಿ ಪ್ರಕರಣದಲ್ಲಿ, ಶ್ರಮವೊಂದೇ ಸಾಲದು, ಕೌಶಲವೂ ವಿವೇಚನೆಯೂ ಸ್ವಲ್ಪವಾದರೂ ಸೃಜನಶೀಲತೆಯೂ ಬೇಕೆಂದಿತು.

ನಮ್ಮ ದೇಶದ ಕಾನೂನು ಈ ಮೂರಕ್ಕೆ ಬೇರೆ ಬೇರೆ ಬೇಲಿಗಳನ್ನು ಕಟ್ಟಿದೆ. ಹೊಸ ಯಂತ್ರಕ್ಕೆ, ಹೊಸ ತಯಾರಿಕಾ ವಿಧಾನಕ್ಕೆ 1970ರ ಪೇಟೆಂಟ್ ಕಾಯಿದೆ. ಅದರ ಅವಧಿ 20 ವರ್ಷ. ಬರಿಯ ಗಣಿತ ಸೂತ್ರಕ್ಕಾಗಲಿ, ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗಾಗಲಿ ಅದರಲ್ಲಿ ಎಡೆಯಿಲ್ಲ. ಚಿಪ್ಪಿನೊಳಗಿನ ಗೆರೆಗಳ ನಕ್ಷೆಗೆ 2000ದ ಪ್ರತ್ಯೇಕ ಕಾಯಿದೆಯಿದೆ. ನೋಂದಣಿ ಮಾಡಿಸಿದರೆ 10 ವರ್ಷಗಳ ರಕ್ಷಣೆ. ಪ್ರೋಗ್ರಾಮಿಗೂ ಡೇಟಾಬೇಸಿಗೂ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯ ಕೃತಿಯ ಸ್ಥಾನವಿದೆ. ಕತೆ ಕವನಗಳ ಸಾಲಿನಲ್ಲಿಯೇ ಪ್ರೋಗ್ರಾಂ ಕುಳಿತಿರುವುದು ವಿಚಿತ್ರವೆನಿಸಬಹುದು. ಬರೆದ ರೂಪಕ್ಕಷ್ಟೇ ರಕ್ಷಣೆ, ಒಳಗಿನ ಕಲ್ಪನೆಗಿಲ್ಲ ಎಂಬುದು ಅದರ ತಾತ್ಪರ್ಯ.

ಇದೆಲ್ಲ ದೂರದೂರಿನ ಕಂಪೆನಿಗಳ ವ್ಯವಹಾರವೆಂದು ಕನ್ನಡ ಶಾಲೆಯ ಹೆತ್ತವರು ಪಕ್ಕಕ್ಕಿಡಬೇಕಾಗಿಲ್ಲ. ಪ್ರತಿವರ್ಷ ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ ಮಕ್ಕಳು ಮಾದರಿಗಳನ್ನು ಒಯ್ಯುತ್ತಾರೆ. ಅಡಿಕೆ ಸುಲಿಯುವುದಕ್ಕೋ, ತೋಟಕ್ಕೆ ನೀರು ಬಿಡುವುದಕ್ಕೋ ಹೊಸದೊಂದು ಉಪಾಯ ಅವುಗಳ ನಡುವೆ ಇರಲಾರದೆಂದು ಹೇಳಲಾಗದು. ಆದರೆ ಅರ್ಜಿ ಹಾಕುವ ಮೊದಲೇ ಸಾರ್ವಜನಿಕವಾಗಿ ವಿವರಿಸಿ ತೋರಿಸಿದ ವಸ್ತು ಕಾನೂನಿನ ಕಣ್ಣಿಗೆ ಹೊಸದಾಗಿ ಉಳಿಯದಿರಬಹುದು. ಪ್ರದರ್ಶನದ ಬಳಿಕ 12 ತಿಂಗಳೊಳಗೆ ಅರ್ಜಿ ಹಾಕಬಹುದೆಂಬ ವಿನಾಯಿತಿ ಕೇಂದ್ರ ಸರಕಾರ ಅಧಿಸೂಚನೆಯ ಮೂಲಕ ಹೆಸರಿಸಿದ ಪ್ರದರ್ಶನಗಳಿಗೆ ಮಾತ್ರ ಅನ್ವಯಿಸುತ್ತದೆ. ಮೊದಲು ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಕೇರಳ ಮತ್ತು ಕರ್ನಾಟಕದ ಅರ್ಜಿಗಳೆರಡೂ ಹೋಗುವುದು ಚೆನ್ನೈಯ ಪೇಟೆಂಟ್ ಕಚೇರಿಗೆ.

ಆ ಕಚೇರಿಯ ನಿಯಮದಂತೆ ಅರ್ಜಿಯೂ ವಿವರಣೆಯೂ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿರಬೇಕು. ಕನ್ನಡಕ್ಕೂ ಮಲಯಾಳಕ್ಕೂ ತಮಿಳಿಗೂ ಅಲ್ಲಿ ಸ್ಥಾನವಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಇದು ನಿಜವಾದ ತೊಡಕು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ‘ಅದಕ್ಕಾಗಿಯೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು’ ಎನ್ನುವವರು ಕಿಲ್ಬಿ ಅವರ ಪ್ರಕರಣವನ್ನೊಮ್ಮೆ ನೆನೆಯಬಹುದು. ಅಲ್ಲಿ ಸೋತವರಿಗೆ ಇಂಗ್ಲಿಷ್ ಮನೆಮಾತಾಗಿತ್ತು. ಅವರ ವಕೀಲರಿಗೂ ಅಷ್ಟೇ. ಸೋಲಿಗೆ ಕಾರಣ ಭಾಷೆ ಬಾರದಿದ್ದುದಲ್ಲ, ಬಳಸಿದ ಪದ ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳದಿದ್ದುದು. ಒಂದು ವಸ್ತುವನ್ನು ನೋಡಿ, ಅದು ಹಾಸಿದೆಯೋ ಅಂಟಿದೆಯೋ ಎಂದು ಬೇರ್ಪಡಿಸಿ ಹೇಳುವ ಶಕ್ತಿ ಮಗುವಿಗೆ ಮೊದಲು ಬರುವುದು ಅದು ಯೋಚಿಸುವ ಭಾಷೆಯಲ್ಲಿ. ಆ ವಾಕ್ಯ ಖಚಿತವಾಗಿದ್ದರೆ ಇಂಗ್ಲಿಷಿಗೆ ತಿರುಗಿಸಲು ನೆರವು ದೊರೆಯುತ್ತದೆ. ಮೂಲವೇ ಮಸುಕಾಗಿದ್ದರೆ ಯಾವ ಅನುವಾದವೂ ಅದನ್ನು ಸ್ಪಷ್ಟಗೊಳಿಸದು.

ಆದ್ದರಿಂದ ಈ ವರ್ಷ ಮಾದರಿ ಮಾಡಹೊರಟ ಮಕ್ಕಳ ಕೈಗೆ ಹಲಗೆ, ಮೊಳೆ, ತಂತಿಗಳ ಜತೆಗೆ ಒಂದು ಇನ್ನೂರು ಪುಟದ ಪುಸ್ತಕವನ್ನೂ ಕೊಡುವುದು ಒಳ್ಳೆಯದು. ಪ್ರತಿದಿನದ ತಾರೀಕು, ಚಿತ್ರ, ಮಾಡಿದ್ದೇನು, ಕೆಟ್ಟದ್ದೇನು, ಬದಲಿಸಿದ್ದೇನು ಎಂಬುದನ್ನು ಕನ್ನಡದಲ್ಲಿಯೇ ಬರೆದು, ಪುಟದ ಅಡಿಯಲ್ಲಿ ಅಧ್ಯಾಪಕರ ಸಹಿ ಹಾಕಿಸಲಿ. ಪೇಟೆಂಟ್ ದೊರೆಯುವುದು ಮೊದಲು ಅರ್ಜಿ ಹಾಕಿದವರಿಗೆ. ಆದರೆ ಕಲ್ಪನೆಯನ್ನು ಬೇರೊಬ್ಬರು ತಮ್ಮದೆಂದು ಒಯ್ದರೆ ಆಕ್ಷೇಪಿಸುವ ಹಕ್ಕು ನಿಜವಾದ ಆವಿಷ್ಕಾರಕರಿಗಿದೆ. ಆಗ ಸಾಕ್ಷಿಯಾಗಿ ನಿಲ್ಲುವುದು ತಾರೀಕು ಹಾಕಿದ ಆ ಪುಸ್ತಕ. ಕಿಲ್ಬಿ ಅವರೂ ನಾಯ್ಸ್ ಅವರೂ ಆರಂಭಿಸಿದ್ದು ಅಂತಹ ಪುಸ್ತಕದಿಂದಲೇ.